ಪದ ಪರಿಚಯ: ಮಿಕೋಶಿ

ಜಪಾನಿನ ಊರಹಬ್ಬಗಳಲ್ಲಿ ಹತ್ತಾರು ಜನ ಹೆಗಲು ಕೊಟ್ಟು, ಒಕ್ಕೊರಲಿನಿಂದ ಕೂಗುತ್ತಾ ಬೀದಿಯಲ್ಲಿ ಹೊತ್ತು ಸಾಗುವ ಪುಟ್ಟ ಗುಡಿಗೆ ಮಿಕೋಶಿ ಎಂದು ಹೆಸರು. ‘ಕೋಶಿ’ ಎಂದರೆ ಪಲ್ಲಕ್ಕಿ, ‘ಮಿ’ ಗೌರವಸೂಚಕ. ನಮ್ಮ ದೇವರ ಪಲ್ಲಕ್ಕಿಯನ್ನು ನೆನೆದುಕೊಂಡರೆ ಅರ್ಥ ಬಹುಮಟ್ಟಿಗೆ ತಿಳಿಯುತ್ತದೆ. ಆದರೆ ಪಲ್ಲಕ್ಕಿಯಲ್ಲಿ ಉತ್ಸವಮೂರ್ತಿ ಎಲ್ಲರ ಕಣ್ಣಿಗೂ ಬೀಳುವಂತೆ ಕುಳಿತಿದ್ದರೆ, ಮಿಕೋಶಿಯಲ್ಲಿ ಬರುವ ದೇವರು, ಅಂದರೆ ಜಪಾನಿನ ಮೂಲಧರ್ಮವಾದ ಶಿಂತೋ ಸಂಪ್ರದಾಯದ ‘ಕಾಮಿ’, ಯಾರಿಗೂ ಕಾಣುವುದಿಲ್ಲ. ಮಿಕೋಶಿ ಹಬ್ಬದ ಅಲಂಕಾರವಲ್ಲ, ದೇವರು ತನ್ನ ಒಕ್ಕಲಿನವರನ್ನು ಕಾಣಲು ಹೊರಟಾಗ ಕೆಲಹೊತ್ತು ನೆಲೆಸುವ ಮನೆ. ಅದಕ್ಕೆ ಸಂಬಂಧಿಸಿದ ಆಚಾರಗಳೆಲ್ಲ ಈ ನಂಬಿಕೆಯಿಂದಲೇ ಹುಟ್ಟಿವೆ.

ಅದರ ರಚನೆಯೂ ಗುಡಿಯದೇ. ಚೌಕ ಪೀಠದ ಮೇಲೆ ಗುಡಿಯ ಒಡಲು, ಸುತ್ತ ಚಿಕ್ಕ ‘ತೋರಿ’ ದ್ವಾರಗಳು, ಮೇಲೆ ಬಾಗಿದ ಚಾವಣಿ, ಅದರ ಮೂಲೆಗಳಲ್ಲಿ ಮೇಲ್ಮುಖವಾಗಿ ಸುರುಳಿ ಸುತ್ತಿದ ‘ವಾರಾಬಿತೆ’, ನೆತ್ತಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ‘ಹೋಓ’ ಎಂಬ ಪುರಾಣದ ಹಕ್ಕಿ. ಪೀಠದಡಿಯಲ್ಲಿ ಹಾಯಿಸಿದ ಉದ್ದನೆಯ ಮರದ ದಂಡಿಗೆಗಳಿಗೆ ಜನ ಹೆಗಲು ಕೊಡುತ್ತಾರೆ.

ಮಿಕೋಶಿಯ ಮೂಲವನ್ನು ಸಾಮಾನ್ಯವಾಗಿ ಕ್ರಿ.ಶ. 749ರ ಒಂದು ಪ್ರಸಂಗಕ್ಕೆ ಒಯ್ಯುತ್ತಾರೆ. ನಾರಾದ ತೋದೈಜಿ ದೇವಾಲಯದಲ್ಲಿ ಮಹಾಬುದ್ಧನ ವಿಗ್ರಹ ತಯಾರಾಗುತ್ತಿದ್ದಾಗ, ಆ ಕಾರ್ಯಕ್ಕೆ ಬೆಂಬಲವಾಗಿ ದೂರದ ಉಸಾದಿಂದ ಹಾಚಿಮಾನ್ ದೇವರು ನೇರಳೆ ಬಣ್ಣದ ಪಲ್ಲಕ್ಕಿಯಲ್ಲಿ ಬಂದನೆಂದು ಹೇಳುತ್ತಾರೆ. ಶಿಂತೋ ದೇವರ ಮೊದಲ ಪಯಣವೇ ಬೌದ್ಧ ದೇವಾಲಯದ ಕಡೆಗೆ ಎಂಬುದು ಗಮನಿಸಬೇಕಾದ ಸಂಗತಿ. ಮುಂದೆ ಹಿಯೆಯಿ ಬೆಟ್ಟದ ಎನ್ರ್ಯಾಕುಜಿಯ ಬೌದ್ಧ ಸನ್ಯಾಸಿಗಳು ತಮ್ಮ ಬೇಡಿಕೆ ಈಡೇರದಿದ್ದಾಗಲೆಲ್ಲ ಹಿಯೆ ಎಂಬ ಶಿಂತೋ ಗುಡಿಯ ಮಿಕೋಶಿಗಳನ್ನು ಹೊತ್ತು ಅಂದಿನ ರಾಜಧಾನಿ ಕ್ಯೋತೋ ನಗರಕ್ಕೆ ನುಗ್ಗುತ್ತಿದ್ದರು. ಒಳಗೆ ದೇವರಿದ್ದಾನೆಂಬ ಭಯಕ್ಕೆ ಸೈನಿಕರೂ ಬಾಣ ಬಿಡಲು ಹಿಂಜರಿಯುತ್ತಿದ್ದರು. ಕೆಲವೊಮ್ಮೆ ಸನ್ಯಾಸಿಗಳು ಮಿಕೋಶಿಯನ್ನು ಬೀದಿಯಲ್ಲೇ ಇಳಿಸಿ ಬೆಟ್ಟಕ್ಕೆ ಮರಳಿಬಿಡುತ್ತಿದ್ದರು, ಅದನ್ನು ಏನು ಮಾಡಬೇಕೆಂಬ ಸಂಕಟ ಆಸ್ಥಾನದ ಪಾಲಾಗುತ್ತಿತ್ತು. ಕಾಮೊ ನದಿಯ ನೀರು, ಪಗಡೆಯ ದಾಳ, ಬೆಟ್ಟದ ಸನ್ಯಾಸಿಗಳು, ಈ ಮೂರು ಮಾತ್ರ ತನ್ನ ಅಂಕೆಗೆ ಸಿಗುವುದಿಲ್ಲವೆಂದು ಚಕ್ರವರ್ತಿ ಶಿರಾಕಾವಾ ಹೇಳಿದನೆಂಬ ಮಾತು ಜಪಾನಿನಲ್ಲಿ ಇಂದಿಗೂ ಪ್ರಸಿದ್ಧ.

ಇಂದಿನ ಮಿಕೋಶಿಯನ್ನು ಅರಿಯಲು ಟೋಕಿಯೋದ ಅಸಾಕುಸಾ ಬಡಾವಣೆಯ ಸಾಂಜಾ ಮತ್ಸುರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ‘ಮತ್ಸುರಿ’ ಎಂದರೆ ಹಬ್ಬ. ಸ್ಥಳಪುರಾಣದ ಪ್ರಕಾರ 628ರಲ್ಲಿ ಹಿನೊಕುಮಾ ಹಮಾನಾರಿ ಮತ್ತು ತಾಕೆನಾರಿ ಎಂಬ ಬೆಸ್ತ ಸಹೋದರರು ಸುಮಿದಾ ನದಿಯಲ್ಲಿ ಬಲೆ ಬೀಸಿದಾಗ ಕಾನ್ನೋನ್, ಅಂದರೆ ಅವಲೋಕಿತೇಶ್ವರನ ವಿಗ್ರಹ ಸಿಕ್ಕಿತು. ಅದರ ಮಹಿಮೆಯನ್ನು ಗುರುತಿಸಿದ ಊರ ಹಿರಿಯ ಹಾಜಿ ನೊ ನಾಕಾತೊಮೊ ತನ್ನ ಮನೆಯನ್ನೇ ಬೌದ್ಧ ದೇವಾಲಯವಾಗಿಸಿದ. ಅದೇ ಇಂದಿನ ಸೆನ್ಸೋಜಿ. ಆ ಮೂವರನ್ನೇ ದೇವರಾಗಿ ಪೂಜಿಸುವ ಅಸಾಕುಸಾ ಜಿಂಜಾ (‘ಜಿಂಜಾ’ ಎಂದರೆ ಶಿಂತೋ ಗುಡಿ) ಸೆನ್ಸೋಜಿಯ ಮಗ್ಗುಲಲ್ಲೇ ಇದೆ. 1868ರಲ್ಲಿ ಮೇಜಿ ಸರ್ಕಾರ ಶಿಂತೋ ಗುಡಿಗಳನ್ನೂ ಬೌದ್ಧ ದೇವಾಲಯಗಳನ್ನೂ ಬೇರ್ಪಡಿಸಲು ಆಜ್ಞೆ ಹೊರಡಿಸಿದ ಮೇಲೆ ಇವೆರಡೂ ಬೇರೆ ಬೇರೆ ಸಂಸ್ಥೆಗಳಾದವು, ಮಾರ್ಚ್ ತಿಂಗಳ ಹಬ್ಬ ಮೇ ತಿಂಗಳಿಗೆ ಸರಿಯಿತು. ಆದರೂ ಕಾನ್ನೋನ್ ನದಿಯಿಂದ ಬಂದ ದಿನವೆಂದು ಸೆನ್ಸೋಜಿ ಆಚರಿಸುವ ಮಾರ್ಚ್ 18ರ ಹಿಂದಿನ ಸಂಜೆ, ಜಿಂಜಾದ ಮೂರು ಮಿಕೋಶಿಗಳನ್ನು ಮೆಟ್ಟಿಲೇರಿಸಿ ಸೆನ್ಸೋಜಿಯ ಮುಖ್ಯ ಮಂಟಪದೊಳಗೆ ತಂದಿಡುತ್ತಾರೆ. ತಾವು ಕಂಡ ಕಾನ್ನೋನ್‌ನ ಸನ್ನಿಧಿಯಲ್ಲಿ ಆ ಮೂವರು ಒಂದು ರಾತ್ರಿ ಕಳೆಯುತ್ತಾರೆ. ಆಜ್ಞೆಯಿಂದ ಬೇರ್ಪಟ್ಟ ನಂಟನ್ನು ಜನ ಹೀಗೆ ಉಳಿಸಿಕೊಂಡಿದ್ದಾರೆಂಬುದು ನನಗೆ ಈ ಹಬ್ಬದ ಬಗ್ಗೆ ಅತ್ಯಂತ ಪ್ರಿಯವಾದ ಸಂಗತಿ.

ದೊಡ್ಡ ಹಬ್ಬ ನಡೆಯುವುದು ಮೇ ತಿಂಗಳ ಮೂರನೆಯ ವಾರಾಂತ್ಯದಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ. ಅದಕ್ಕೂ ಮೊದಲು ಗುರುವಾರ ಸಂಜೆ ‘ಮಿತಾಮಾಇರೆ’ ಎಂಬ ವಿಧಿ ನಡೆಯುತ್ತದೆ. ಗರ್ಭಗುಡಿಯ ದೈವಶಕ್ತಿಯನ್ನು ಅರ್ಚಕರು ಮಿಕೋಶಿಗೆ ಆವಾಹಿಸುವುದು ಆಗಲೇ. ಶನಿವಾರ ಒಕ್ಕಲಿನ 44 ಕೇರಿಗಳ ಸುಮಾರು ನೂರು ಮಿಕೋಶಿಗಳು ಸೆನ್ಸೋಜಿಯ ಹಿಂದೆ ಕೂಡಿ, ಜಿಂಜಾದಲ್ಲಿ ಶುದ್ಧಿ ಪಡೆದು ತಂತಮ್ಮ ಕೇರಿಗೆ ಮರಳುತ್ತವೆ. ಭಾನುವಾರ ಬೆಳಗ್ಗೆ ಜಿಂಜಾದ್ದೇ ಆದ, ಸುಮಾರು ಒಂದು ಟನ್ ತೂಗುವ ಮೂರು ಮಿಕೋಶಿಗಳು ಹೊರಡುತ್ತವೆ. ಕೇರಿಯ ಗುರುತುಳ್ಳ ‘ಹಾಂತೆನ್’ ಅಂಗಿ ತೊಟ್ಟವರು ದಂಡಿಗೆಗೆ ಹೆಗಲು ಕೊಡಲು ಮುಗಿಬೀಳುತ್ತಾರೆ, “ಸೊಯಿಯಾ! ಸೊಯಿಯಾ!” ಎಂಬ ಕೂಗಿಗೆ ಹೆಜ್ಜೆ ಹಾಕುತ್ತಾ ಮಿಕೋಶಿಯನ್ನು ಬಿರುಸಾಗಿ ಕುಲುಕುತ್ತಾರೆ. ನೋಡುವವರಿಗೆ ಒರಟಾಟವೆನಿಸಬಹುದು, ಆದರೆ ಇದು ‘ತಾಮಾಫುರಿ’, ಅಂದರೆ ಕುಲುಕಿದಷ್ಟೂ ದೇವರ ಚೈತನ್ಯ ಉಕ್ಕಿ ಕೇರಿಗೆ ಬೆಳೆ, ಆರೋಗ್ಯ, ವ್ಯಾಪಾರದ ಸಮೃದ್ಧಿ ಒದಗುತ್ತದೆಂಬ ನಂಬಿಕೆ. ಒಂದು ಕೇರಿಯವರು ತಮ್ಮ ಗಡಿಯವರೆಗೆ ಹೊತ್ತು ತಂದುದನ್ನು ಮುಂದಿನ ಕೇರಿಯವರು ಅಲ್ಲಿಂದ ಹೊರುತ್ತಾರೆ. ಹೀಗೆ ಕೈಯಿಂದ ಕೈಗೆ ದಾಟುತ್ತಾ ದೇವರು ಸಂಜೆಗೆ ಗುಡಿ ಸೇರುತ್ತಾನೆ.

ದೇವರು ಒಳಗಿದ್ದಾನೆಂಬ ಕಾರಣಕ್ಕೇ ಮಿಕೋಶಿಯ ದಂಡಿಗೆಗಳ ಮೇಲೆ ಹತ್ತಿ ನಿಲ್ಲುವುದು ಅಪಚಾರ. ಕೆಲವರು ಹಾಗೆ ಹತ್ತುವುದನ್ನು ಬಿಡದ ಕಾರಣ 2008ರಲ್ಲಿ ಜಿಂಜಾದ ಮೂರು ಮಿಕೋಶಿಗಳು ಬೀದಿಗೆ ಬರಲೇ ಇಲ್ಲ. 2020ರಲ್ಲಿ ಕೋವಿಡ್ ಕಾರಣಕ್ಕೆ ಮೇ ತಿಂಗಳ ಹಬ್ಬವನ್ನು ಅಕ್ಟೋಬರಿಗೆ ಮುಂದೂಡಿದಾಗ ಜನ ಒತ್ತೊತ್ತಾಗಿ ಹೊರುವುದು ಸಾಧ್ಯವಿರಲಿಲ್ಲ; ಆದರೆ ದೇವರು ಒಕ್ಕಲಿನವರನ್ನು ಕಾಣುವುದು ತಪ್ಪಬಾರದೆಂದು, ಮೊದಲನೆಯ ಮಿಕೋಶಿಯನ್ನು ಟ್ರಕ್ಕಿನ ಮೇಲಿಟ್ಟು ಕೇರಿಗಳಲ್ಲಿ ಸುತ್ತಿಸಿದರು.