ಪದ ಪರಿಚಯ: ಕಾರ್ಟ್ರಿಡ್ಜ್

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ‘ಕಾರ್ಟ್ರಿಡ್ಜ್ ಇದೆಯೇ?’ ಎಂದು ಕೇಳಿದೆ. ‘ಯಾವ ಪ್ರಿಂಟರ್ ಸಾರ್, ಕಪ್ಪೋ ಕಲರ್ರೋ?’ ಎಂದು ಹುಡುಗ ಮರುಪ್ರಶ್ನೆ ಹಾಕಿದ. ರೆಕಾರ್ಡ್ ಪ್ಲೇಯರಿನದು ಎಂದೆ. ಅವನಿಗೆ ತಿಳಿಯಲಿಲ್ಲ. ಗಲ್ಲಾದ ಮುಂದೆ ಕೂತಿದ್ದ ಹಿರಿಯರು ತಲೆಯೆತ್ತಿ, ‘ಓ, ಮುಳ್ಳು ಬೇಕೇನು ನಿಮಗೆ?’ ಎಂದರು.

ಹಿರಿಯರ ಮಾತು ಅರ್ಧ ಸರಿ. ಕೀಲಿ ತಿರುಗಿಸುವ ಗ್ರಾಮಫೋನಿನ ಕಾಲದಲ್ಲಿ ಮುಳ್ಳೆಂದರೆ ಬಿಡಿಯಾಗಿ ಸಿಗುತ್ತಿದ್ದ ಉಕ್ಕಿನ ಸೂಜಿ. ಸವೆದಂತೆ ತೆಗೆದು ಬೇರೆ ಹಾಕುತ್ತಿದ್ದರು. ಆ ಹೆಸರು ಉಳಿದುಕೊಂಡಿತು, ವಸ್ತು ಬದಲಾಯಿತು. ಇಂದು ಮುಳ್ಳು ಕೂರುವುದು ಬೆರಳ ತುದಿಯಷ್ಟಿರುವ ಒಂದು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯೇ ಕಾರ್ಟ್ರಿಡ್ಜ್. ಪದದ ಬೇರು ಇಟಾಲಿಯನ್ನಿನ ‘ಕಾರ್ತೊಚ್ಚೊ’, ಅಂದರೆ ಕಾಗದದ ಸುರುಳಿ. ಅಲ್ಲಿಂದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಮದ್ದು ತುಂಬಿದ ತೋಟಾ ಆಯಿತು, ಕೊನೆಗೆ ಒಳಗೇನನ್ನೋ ಇಟ್ಟುಕೊಂಡು ಬದಲಿಸಬಹುದಾದ ಯಾವ ಡಬ್ಬಿಗೂ ಸಲ್ಲುವ ಹೆಸರಾಯಿತು. ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಕಾಣುವ ನಮ್ಮ ‘ಕಾಡತೂಸು’ ಕೂಡ ಇದೇ ಬೇರಿನದು, ಬೇರೆ ದಾರಿಯಲ್ಲಿ ನಡೆದು ಬಂದದ್ದು. ಬಂದೂಕು, ಪ್ರಿಂಟರು, ಸಂಗೀತ ಮೂರಕ್ಕೂ ಒಂದೇ ಪದ ಇರುವಾಗ ಆ ಹುಡುಗನ ತಪ್ಪೇನೂ ಇಲ್ಲ.

ಲಾಂಗ್‌ಪ್ಲೇ ರೆಕಾರ್ಡಿನ ಒಂದು ಬದಿಯಲ್ಲಿರುವುದು ಸುರುಳಿಯಾಗಿ ಕೊರೆದ ಒಂದೇ ಸಾಲು, ನೇಗಿಲ ಸಾಲಿನ ಹಾಗೆ ಎರಡು ಇಳಿಜಾರು ಗೋಡೆಗಳದ್ದು. ಸ್ಟೀರಿಯೊದಲ್ಲಿ ಒಳಗಿನ ಗೋಡೆ ಎಡ ಸ್ಪೀಕರಿನದು, ಹೊರಗಿನದು ಬಲ ಸ್ಪೀಕರಿನದು. ಗೋಡೆಗಳ ಅಂಕುಡೊಂಕೇ ಸಂಗೀತ. ವಜ್ರದ ತುದಿ ಅದರಲ್ಲಿ ಸಾಗುತ್ತಾ ನಡುಗುತ್ತದೆ. ಆ ನಡುಕ ಒಂದು ಸಣ್ಣ ಕಡ್ಡಿಯ ಮೂಲಕ ಹಿಂದಕ್ಕೆ ಹೋಗಿ, ಆಯಸ್ಕಾಂತವೂ ತಂತಿಯ ಸುರುಳಿಯೂ ಇರುವ ಜಾಗದಲ್ಲಿ ವಿದ್ಯುತ್ತಾಗುತ್ತದೆ. ಕಡ್ಡಿಯ ತುದಿಗೆ ಆಯಸ್ಕಾಂತ ಅಂಟಿದ್ದರೆ ಅದು ಮೂವಿಂಗ್ ಮ್ಯಾಗ್ನೆಟ್. ಹುಟ್ಟುವುದು ಸುಮಾರು 3ರಿಂದ 5 ಮಿಲಿವೋಲ್ಟ್. ಸುರುಳಿಯೇ ಅಲುಗಾಡುವಂತಿದ್ದರೆ ಮೂವಿಂಗ್ ಕಾಯಿಲ್. ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟಿಗೂ ಕಡಿಮೆ. ಸುರುಳಿ ಹಗುರವಾದ್ದರಿಂದ ಎರಡನೆಯದು ವೀಣೆಯ ಮೀಟಿನಂಥ ಚುರುಕು ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ ಎನ್ನುತ್ತಾರೆ. ನಿಜವೇ, ಆದರೆ ಬೆಲೆ ನೋಡಿದರೆ ನನಗೆ ಮೊದಲನೆಯದೇ ಸಾಕು. ಹಳೆಯ ಸೂಟ್‌ಕೇಸ್ ಪ್ಲೇಯರುಗಳಲ್ಲಿದ್ದ ಸಿರಾಮಿಕ್ ಕಾರ್ಟ್ರಿಡ್ಜಿನದು ಬೇರೆ ಜಾತಿ: ಒತ್ತಿದರೆ ವಿದ್ಯುತ್ತು ಹುಟ್ಟುವ ಹರಳು, ನೂರಾರು ಮಿಲಿವೋಲ್ಟ್ ಕೊಡುವ ಒರಟು ದುಡಿಮೆಗಾರ.

ಈ ಪುಟ್ಟ ಪೆಟ್ಟಿಗೆಗೆ ತಿಳಿಯುವುದು ಮುಳ್ಳಿಗೂ ತನ್ನ ಮೈಗೂ ನಡುವಿನ ಚಲನೆ ಮಾತ್ರ. ಇಬ್ಬರಲ್ಲಿ ಅಲುಗಾಡಿದವರು ಯಾರೆಂದು ಅದಕ್ಕೆ ಗೊತ್ತಾಗುವುದಿಲ್ಲ. ರೆಕಾರ್ಡಿನ ಸಾಲು ಮುಳ್ಳನ್ನು ಅಲುಗಿಸಿದರೂ ಸಂಗೀತ, ಮೇಜು ಪೆಟ್ಟಿಗೆಯನ್ನು ಅಲುಗಿಸಿದರೂ ಸಂಗೀತ. ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಕಟ್ಟುವವರ ಪಾಡೆಲ್ಲ ಹುಟ್ಟುವುದು ಇಲ್ಲಿಂದ.

ನಮ್ಮ ಮನೆ ಬಸ್ ಓಡಾಡುವ ರಸ್ತೆಯ ಮೇಲಿದೆ. ಮರದ ಸ್ಟ್ಯಾಂಡಿನ ಮೇಲೆ ಪ್ಲೇಯರ್ ಇಟ್ಟಿದ್ದಾಗ ತಂಬೂರಿಯ ಕೆಳಗೆ ಇನ್ನೊಂದು ಶ್ರುತಿ ಕೇಳಿಸುತ್ತಿತ್ತು. ದನಿ ಏರಿಸಿದರೆ ಸ್ಪೀಕರಿನ ಅದುರು ನೆಲದಿಂದ ಪ್ಲೇಯರಿಗೆ, ಪ್ಲೇಯರಿನಿಂದ ಮತ್ತೆ ಸ್ಪೀಕರಿಗೆ ಸುತ್ತುತ್ತಾ ಗುಂಯ್‌ಗುಡುತ್ತಿತ್ತು. ಗೋಡೆಯಲ್ಲಿ ಕೂರಿಸಿದ ಕಡಪ ಕಲ್ಲಿನ ಹಲಗೆಗೆ ಅದನ್ನು ಸಾಗಿಸಿದ ದಿನ ಮೃದಂಗದ ಎಡದ ಬದಿ ಮೊದಲ ಬಾರಿಗೆ ಬಿಡಿಬಿಡಿಯಾಗಿ ಕೇಳಿತು. ಹೊಸ ಕಾರ್ಟ್ರಿಡ್ಜ್ ಕೊಂಡಾಗಲೂ ಅಷ್ಟು ವ್ಯತ್ಯಾಸ ಆಗಿರಲಿಲ್ಲ.

ಮೋಟಾರಿನ ಅದುರೂ ಇದೇ ಲೆಕ್ಕ. ರಬ್ಬರ್ ಚಕ್ರವೊಂದು ಮೋಟಾರಿಗೂ ರೆಕಾರ್ಡ್ ಕೂರುವ ತಟ್ಟೆಗೂ ನಡುವೆ ಉಜ್ಜಿಕೊಂಡು ತಿರುಗುವ ಹಳೆಯ ಏರ್ಪಾಡಿನಲ್ಲಿ ಎಳೆತ ಗಟ್ಟಿ, ಗೊರಗೊರ ಸದ್ದೂ ಗಟ್ಟಿ. ಬೆಲ್ಟಿನ ಬಗೆಯಲ್ಲಿ ಮೋಟಾರು ದೂರ ಕೂರುತ್ತದೆ. ಅದುರನ್ನು ರಬ್ಬರ್ ನುಂಗುತ್ತದೆ. 1970ರ ಟೆಕ್ನಿಕ್ಸ್ ಕಂಪನಿಯ ಟರ್ನ್‌ಟೇಬಲ್ ಎಸ್‌ಪಿ-10 ಹಿಡಿದದ್ದು ಮೂರನೆಯ ದಾರಿ: ತಟ್ಟೆಯನ್ನೇ ನಿಧಾನವಾಗಿ ತಿರುಗುವ ಮೋಟಾರಿನ ಮೇಲೆ ಕೂರಿಸುವುದು. 1972ರಲ್ಲಿ ಬಂದ ಎಸ್‌ಎಲ್-1200 ಅದೇ ವಂಶದ್ದು, ಡಿಜೆಗಳ ಕೈಗೆ ಸಿಕ್ಕಿ ಪ್ರಸಿದ್ಧವಾಯಿತು.

ಬೆಂಗಳೂರಿನಲ್ಲಿ ಮಾತ್ರ ಇನ್ನೊಂದು ಬಗೆಯ ಪೇಚು ಆಗಾಗ ಕಾಣುತ್ತದೆ. ಅಮೆರಿಕದಿಂದ ಮರಳಿದ ಎಂಜಿನಿಯರುಗಳು ಹಳೆಯ ಬೆಲ್ಟ್ ಪ್ಲೇಯರ್ ಹೊತ್ತು ತರುತ್ತಾರೆ, 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕುತ್ತಾರೆ, ಆದರೂ ಗಾಯಕಿಯ ದನಿ ಗಂಡಸಿನದಾಗಿ ಕೇಳುತ್ತದೆ. ಅಂಥ ಹಲವು ಮೋಟಾರುಗಳ ವೇಗ ನಿಂತಿರುವುದು ವೋಲ್ಟಿನ ಮೇಲಲ್ಲ, ಹರ್ಟ್ಸ್ ಮೇಲೆ, ಅಂದರೆ ವಿದ್ಯುತ್ತು ಸೆಕೆಂಡಿಗೆ ಎಷ್ಟು ಆವರ್ತ ಹಾಕುತ್ತದೆ ಎಂಬುದರ ಮೇಲೆ. ಅಲ್ಲಿ 60, ಇಲ್ಲಿ 50. ನಿಮಿಷಕ್ಕೆ 33⅓ ಸುತ್ತು ಹಾಕಬೇಕಾದ ತಟ್ಟೆ ಇಲ್ಲಿ 28ರ ಹತ್ತಿರ ತೆವಳುತ್ತದೆ. ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ ಐದು ಮನೆ ಶ್ರುತಿಯ ಹಾಡು ಮೂರು ಮನೆಗೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಇದಕ್ಕೆ ಪರಿಹಾರವಿಲ್ಲ, ಮೋಟಾರಿನ ಪುಲ್ಲಿಯನ್ನು ಬದಲಿಸಬೇಕು.

ಇನ್ನು ಕಾರ್ಟ್ರಿಡ್ಜನ್ನು ಹೊತ್ತ ತೋಳು, ಟೋನ್ ಆರ್ಮ್. ಅದರ ಕೆಲಸ ಇಬ್ಬಂದಿಯದು: ಸಂಗೀತದ ನಡುಕಕ್ಕೆ ಪೆಟ್ಟಿಗೆಯ ಮೈ ಕದಲಬಾರದು, ಬಿಸಿಲಿಗೆ ಬಾಗಿದ ರೆಕಾರ್ಡಿನ ಏರಿಳಿತಕ್ಕೆ ಮಾತ್ರ ದೋಣಿಯಂತೆ ತೇಲಬೇಕು. ತೋಳಿನ ತೂಕ, ಕಡ್ಡಿಯ ಬುಡದ ರಬ್ಬರಿನ ಮೆದುತನ ಎರಡೂ ಸೇರಿ ಒಂದು ಸ್ವಂತ ತೂಗಾಟ ಹುಟ್ಟುತ್ತದೆ. ಅದು 8ರಿಂದ 12 ಹರ್ಟ್ಸ್ ನಡುವೆ ಬಿದ್ದರೆ ಕ್ಷೇಮ; ರೆಕಾರ್ಡಿನ ಡೊಂಕಿಗಿಂತ ಮೇಲೆ, ನಮ್ಮ ಕಿವಿಗಿಂತ ಕೆಳಗೆ. ಮೆದು ಕಾರ್ಟ್ರಿಡ್ಜನ್ನು ಭಾರದ ತೋಳಿಗೆ ಕಟ್ಟಿದರೆ, ಬೆಲೆ ಎಷ್ಟೇ ಇರಲಿ, ಆ ಜೋಡಿ ಬಾಳುವುದಿಲ್ಲ.

ಮುಳ್ಳಿನ ಆಕಾರ ಮುಖ್ಯವಾಗುವುದು ಬದಿಯ ಕೊನೆಯಲ್ಲಿ. ರೆಕಾರ್ಡಿನ ಅಂಚಿನಲ್ಲಿ ಸಾಲು ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಲೇಬಲಿನ ಹತ್ತಿರ ಬರುವಷ್ಟರಲ್ಲಿ ಅದು 21ಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕೂತಿರುತ್ತದೆ. ಗುಂಡು ತುದಿಯ ಮುಳ್ಳು ಆ ಇಕ್ಕಟ್ಟಿಗೆ ಇಳಿಯಲಾರದೆ ‘ಸ’, ‘ಶ’ಗಳನ್ನು ಹರಿದು ಹಾಕುತ್ತದೆ. ಮೊಟ್ಟೆಯಾಕಾರದ್ದು, ಅದಕ್ಕಿಂತ ಚೂಪಾದ ಅಂಚಿನದು ಇಳಿಯುತ್ತದೆ.

ನಾನು ಚಿಕ್ಕವನಿದ್ದಾಗ ಮನೆಯಲ್ಲಿದ್ದದ್ದು ಸಿರಾಮಿಕ್ ಪ್ಲೇಯರು, ಐದಾರು ಗ್ರಾಂ ಭಾರ ಹೇರುವಂಥದ್ದು. ಹಾಡು ಎಗರಿದರೆ ಅದರ ತಲೆಯ ಮೇಲೆ ಒಂದು ನಾಲ್ಕಾಣೆ ಇಡುತ್ತಿದ್ದೆವು; ಇನ್ನೆರಡೂವರೆ ಗ್ರಾಂ. ಈಗಿನ ನನ್ನ ಕಾರ್ಟ್ರಿಡ್ಜಿಗೆ ಒಟ್ಟು ಭಾರವೇ ಎರಡು ಗ್ರಾಂ. ನಾಲ್ಕಾಣೆ ಹೊತ್ತ ಆ ರೆಕಾರ್ಡು ನನ್ನ ಬಳಿ ಇದೆ, ಸಾಲುಗಳು ಬೂದಿ ಬಣ್ಣಕ್ಕೆ ತಿರುಗಿವೆ. ಹಳೆಯ ಮುಳ್ಳು ತಾಗದೆ ಬಿಟ್ಟ ಗೋಡೆಯ ಭಾಗವನ್ನು ಹೊಸ ಚೂಪು ಮುಳ್ಳು ಹುಡುಕಿಕೊಂಡಿರಬೇಕು, ಪಲ್ಲವಿ ಮಟ್ಟಿಗೆ ಚೆನ್ನಾಗಿಯೇ ಕೇಳುತ್ತದೆ. ಎರಡನೆಯ ಚರಣದಲ್ಲಿ ಮಾತ್ರ ಆಗ ಎಗರುತ್ತಿದ್ದಲ್ಲೇ ಈಗಲೂ ಎಗರುತ್ತದೆ.