ವಾರಂಟ್ ಇಲ್ದೆ ಸರ್ಕಾರ ಎಷ್ಟು ನೋಡ್ಬಹುದು? ಅಮೆರಿಕದ ನಾಲ್ಕನೇ ತಿದ್ದುಪಡಿ ನೋಟ್ಸ್

ಸರಿಯಾದ ಕಾರಣ ಇಲ್ದೆ ಸರ್ಕಾರ ಜನರನ್ನ, ಅವರ ಮನೆ-ಕಾಗದಗಳನ್ನ ಶೋಧಿಸಬಾರದು ಅನ್ನೋದು ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿ; ವಾರಂಟ್ ಅಂದ್ರೆ ಶೋಧಕ್ಕೆ ಜಡ್ಜ್ ಕೊಡೋ ಅನುಮತಿ. ಈ ಟಾಪಿಕ್‌ನಲ್ಲಿ ಕೇಸ್ ಹೆಸರುಗಳನ್ನ ಬಾಯಿಪಾಠ ಮಾಡೋಕಿಂತ ಒಂದೇ ಪ್ರಶ್ನೆ ಇಟ್ಕೊಂಡು ಓದಿ, ಮಾಹಿತಿ ಯಾರ ಕೈಲಿತ್ತು ಅಂತ. ಅರ್ಧ ಜಗಳ ಅಲ್ಲೇ ಇದೆ.

ಮೊದಲು ಕಾಟ್ಜ್ ಕೇಸ್, 1967. ಲಾಸ್ ಏಂಜಲೀಸ್‌ನ ಪಬ್ಲಿಕ್ ಫೋನ್ ಬೂತಲ್ಲಿ ಒಬ್ಬ ಬೆಟ್ಟಿಂಗ್ ಮಾತಾಡ್ತಿದ್ದ, ಎಫ್‌ಬಿಐನವ್ರು ಬೂತ್ ಹೊರಗಡೆ ಮೈಕ್ ಕೂರಿಸಿ ಕೇಳಿಸ್ಕೊಂಡ್ರು, ಆಮೇಲೆ ನಾವು ಒಳಗೇ ಕಾಲಿಟ್ಟಿಲ್ವಲ್ಲ ಅಂತ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ರಕ್ಷಣೆ ಇರೋದು ಜನರಿಗೆ, ಜಾಗಕ್ಕಲ್ಲ ಅಂತು.

1979ರ ಸ್ಮಿತ್ ಕೇಸಲ್ಲಿ ಗಾಳಿ ತಿರುಗ್ತು. ಪೊಲೀಸ್ ಕೇಳಿದ್ದಕ್ಕೆ ಫೋನ್ ಕಂಪನಿ ತನ್ನ ಆಫೀಸಲ್ಲಿ ಪೆನ್ ರಿಜಿಸ್ಟರ್ ಅನ್ನೋ ಯಂತ್ರ ಹಾಕಿ ಒಬ್ಬ ಶಂಕಿತ ಡಯಲ್ ಮಾಡಿದ ನಂಬರ್ ಮಾತ್ರ ಬರ್ಕೊಳ್ತು, ವಾರಂಟ್ ಇಲ್ಲ. ನಂಬರನ್ನ ನೀನೇ ಕಂಪನಿಗೆ ಕೊಟ್ಟೆ, ಇನ್ನೆಲ್ಲಿ ಪ್ರೈವಸಿ ಅನ್ನೋದು ಕೋರ್ಟ್ ಲಾಜಿಕ್. ಇದೇ ಥರ್ಡ್ ಪಾರ್ಟಿ ಸಿದ್ಧಾಂತ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಗೆ ಗುತ್ತಿಗೆಯಲ್ಲಿ ಕೆಲಸ ಮಾಡ್ತಿದ್ದ ಸ್ನೋಡೆನ್ 2013ರಲ್ಲಿ ಬಯಲು ಮಾಡಿದ ಎನ್‌ಎಸ್‌ಎ ಫೋನ್ ರೆಕಾರ್ಡ್ ಸಂಗ್ರಹಕ್ಕೂ ಸರ್ಕಾರ ಇದನ್ನೇ ಆಸರೆ ಮಾಡ್ಕೊಂಡಿತ್ತು. ಒಬ್ಬ ಶಂಕಿತನ ಒಂದು ಲೈನಿಗೆ ಹೇಳಿದ್ದನ್ನ ಇಡೀ ದೇಶದ ಕಾಲ್ ರೆಕಾರ್ಡಿಗೆ ಎಳೆದದ್ದು ನನಗಂತೂ ಅತಿ ಅನ್ಸುತ್ತೆ.

ಕಾರ್ಪೆಂಟರ್, 2018, ಇದನ್ನ ಚೆನ್ನಾಗಿ ಓದ್ಕೊಳ್ಳಿ. ಫೋನ್ ಅಂಗಡಿಗಳ ದರೋಡೆ ಕೇಸು (ಸಿಕ್ಕಿಹಾಕಿಸಿದ್ದೂ ಫೋನೇ!), ಟವರ್ ದಾಖಲೆಯಿಂದ 127 ದಿನಗಳ 12,898 ಲೊಕೇಶನ್ ಪಾಯಿಂಟ್ ಸಿಕ್ತು. ಕೋರ್ಟ್ ಆರ್ಡರ್ ಇತ್ತು, ಆದ್ರೆ ಅದಕ್ಕೆ ವಾರಂಟಿನಷ್ಟು ಗಟ್ಟಿ ಕಾರಣ ಬೇಕಿರಲಿಲ್ಲ. ಫೋನ್ ಜೇಬಲ್ಲಿದ್ರೆ ಸಾಕು ಲೊಕೇಶನ್ ತಾನಾಗೇ ದಾಖಲಾಗುತ್ತೆ, ಅದನ್ನ ಸ್ವಇಚ್ಛೆಯಿಂದ ಕೊಟ್ಟಿದ್ದು ಅನ್ನೋಕಾಗಲ್ಲ, ಹಂಗಾಗಿ ವಾರಂಟ್ ಬೇಕು ಅಂತ 5-4 ತೀರ್ಪು. ತುರ್ತು ಸಂದರ್ಭಕ್ಕೆ ವಿನಾಯಿತಿ ಉಳಿಸಿದ್ರು, ಅದು ಸರೀನೇ, ಮಗು ಅಪಹರಣ ಆದಾಗ ಜಡ್ಜ್ ಸಹಿಗೆ ಕಾಯ್ತಾ ಕೂರೋಕಾಗುತ್ತಾ?

ನಿಜವಾದ ತಲೆನೋವು ಫೀಸಾ (ವಿದೇಶಿ ಗುಪ್ತಚರ ಕಣ್ಗಾವಲು) ಕಾಯ್ದೆಯ ಸೆಕ್ಷನ್ 702, 2008ರದ್ದು. ಗುರಿ ಹೊರದೇಶದಲ್ಲಿರೋ ವಿದೇಶಿಯರು, ಅದಕ್ಕೇ ಒಬ್ಬೊಬ್ಬರಿಗೂ ವಾರಂಟ್ ಬೇಡ. ಆದ್ರೆ ಅವರ ಜೊತೆ ಮಾತಾಡಿದ ಅಮೆರಿಕನ್ನರ ಮೆಸೇಜೂ ಬಲೆಗೆ ಬೀಳುತ್ತೆ, ಆಮೇಲೆ ಎಫ್‌ಬಿಐ ಅದೇ ರಾಶಿಯಲ್ಲಿ ಅಮೆರಿಕನ್ನರ ಹೆಸರು ಹಾಕಿ ಹುಡುಕಬಹುದು. ಆಗಲೇ ಕಾನೂನುಬದ್ಧವಾಗಿ ಸಿಕ್ಕಿದ ಡೇಟಾ, ಮತ್ತೆ ಪರ್ಮಿಷನ್ ಕೇಳ್ತಾ ಕೂತ್ರೆ ದಾಳಿ ತಡೆಯೋದು ತಡ ಆಗುತ್ತೆ ಅನ್ನೋದು ಸರ್ಕಾರದ ಮಾತು. ನನ್ನ ಪ್ರಕಾರ ಸಂಗ್ರಹ ಬೇರೆ, ಹುಡುಕಾಟ ಬೇರೆ, ಎರಡನೇದಕ್ಕೆ ವಾರಂಟ್ ಕೇಳೋದು ನ್ಯಾಯ. 2024ರ ಏಪ್ರಿಲ್‌ನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಈ ಕಾಯ್ದೆಗೆ ಹಿಂಗೇ ಒಂದು ತಿದ್ದುಪಡಿ ವೋಟಿಗೆ ಬಂತು, 212-212 ಟೈ ಆಗಿ ಬಿದ್ದೋಯ್ತು.