ಪ್ರತಿ ಮಾಡಿಸಿದವರ ಚರಿತ್ರೆ: ಪಟ್ಟದಕಲ್ಲಿನ ಗೋಡೆಯಿಂದ ಫ್ಯಾಂಟಮ್‌ವರೆಗೆ

ನಮ್ಮ ನಾಡಿಗೆ ಅಚ್ಚುಯಂತ್ರ ಬರುವುದಕ್ಕೆ ಎಂಟುನೂರು ವರ್ಷ ಮೊದಲೇ ಒಂದು ಕನ್ನಡ ಕಾವ್ಯದ ಸಾವಿರ ಪ್ರತಿಗಳು ಸಿದ್ಧವಾಗಿದ್ದವು. ಪೊನ್ನನಿಂದ ‘ಶಾಂತಿಪುರಾಣ’ ಬರೆಸಿದವರು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ಅದರ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದವಳು ಮಲ್ಲಪನ ಮಗಳು ಅತ್ತಿಮಬ್ಬೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ 993ರಲ್ಲಿ ‘ಅಜಿತಪುರಾಣ’ ಬರೆದದ್ದೂ ಇವಳ ಆಶ್ರಯದಲ್ಲೇ. ರನ್ನನನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಆದರೆ ಆ ಸಾವಿರ ಪ್ರತಿಗಳನ್ನು ಕೂತು ಬರೆದ ಲಿಪಿಕಾರರ ಒಂದು ಹೆಸರೂ ನಮ್ಮ ನಾಲಿಗೆಯ ಮೇಲಿಲ್ಲ. ಪ್ರಕಾಶನದ ಚರಿತ್ರೆಯೆಂದರೆ ನನ್ನ ಮಟ್ಟಿಗೆ ಪ್ರತಿ ಮಾಡಿದವರ, ಮಾಡಿಸಿದವರ, ಅದಕ್ಕೆ ಕೈಯಿಂದ ದುಡ್ಡು ಸುರಿದವರ ಚರಿತ್ರೆ.

ಸಾವಿರ ಪ್ರತಿ ಎಂದರೆ ಎಂಥ ಕೆಲಸ ಎಂದು ಸ್ವಲ್ಪ ನೋಡಬೇಕು. ತಾಳೆಗರಿಯನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಕೊರೆಯಬೇಕು. ಕಬ್ಬಿಣದ ಕಂಟದಿಂದ ಅಕ್ಷರ ಕೊರೆಯಬೇಕು. ಕೊರೆದದ್ದು ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಮೇಲೆ ಮಸಿ ಸವರಿ ಒರೆಸಿದಾಗಲೇ ಗೀರುಗಳಲ್ಲಿ ಕಪ್ಪು ನಿಂತು ಅಕ್ಷರ ಮೂಡುತ್ತದೆ. ಕೈ ಸ್ವಲ್ಪ ಬಿಗಿಯಾದರೆ ಗರಿ ಸೀಳಿ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೂ ಹುಳ ಹೊಡೆಯುವ ಮೊದಲೇ ಮತ್ತೊಬ್ಬರು ಅದನ್ನು ಹೊಸ ಗರಿಗೆ ಇಳಿಸಿಕೊಳ್ಳದಿದ್ದರೆ ಕಾವ್ಯವೇ ಹೋದಂತೆ.

ಓಲೆಗಿಂತ ಗಟ್ಟಿಯಾದದ್ದು ಕಲ್ಲು. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶ ಬರೆಸಿದ, 578ರ ಬರಹವಿದೆ. ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಎರಡೂ ಇಂದಿಗೂ ಓದಲು ಸಿಗುತ್ತವೆ, ಆದರೆ ಓದುಗನೇ ಅಲ್ಲಿಗೆ ಹೋಗಬೇಕು. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯಂತೂ ನನಗೆ ಇವೆರಡಕ್ಕಿಂತ ಹೆಚ್ಚು ಪ್ರಿಯ. ಎಂಟನೆಯ ಶತಮಾನದ ಆ ಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳು ಒಂದಾದ ಮೇಲೊಂದು ಚೌಕಟ್ಟಿನಲ್ಲಿ ಬರುತ್ತವೆ, ಪಾತ್ರಗಳ ಪಕ್ಕದಲ್ಲಿ ಹೆಸರು ಕೆತ್ತಿದೆ. ಶಿಲ್ಪಿ ಬಲದೇವ ತನ್ನ ಹೆಸರನ್ನೂ ಅಲ್ಲೇ ಕೊರೆದಿದ್ದಾನೆ. ಚಿತ್ರ, ಚೌಕಟ್ಟು, ಹೆಸರು, ಕಲಾವಿದನ ಸಹಿ. ಚಿತ್ರಕಥೆ ಎನ್ನಲು ಇನ್ನೇನು ಬೇಕು?

ವಿಜಯಪುರದ ಆದಿಲ್‌ಶಾಹಿಗಳ ಕಾಲಕ್ಕೆ ಪುಸ್ತಕ ಅರಮನೆ ಸೇರಿತು. 1570ರ ‘ನುಜೂಮ್ ಅಲ್ ಉಲೂಮ್’ ನೂರಾರು ವರ್ಣಚಿತ್ರಗಳಿರುವ ಹಸ್ತಪ್ರತಿ. ಅದೀಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅಸರ್ ಮಹಲಿನಲ್ಲಿ ಉಳಿದಿದ್ದ ಗ್ರಂಥಗಳನ್ನು 1853ರಲ್ಲಿ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. ಅರಸನಿಗೆಂದೇ ಮಾಡಿದ ಒಂದೇ ಪ್ರತಿ ಊರು ಬಿಟ್ಟರೆ ಊರಿನ ಪಾಲಿಗೆ ಏನೂ ಉಳಿಯುವುದಿಲ್ಲ.

ಅಷ್ಟರಲ್ಲಿ ಕನ್ನಡಕ್ಕೆ ಅಚ್ಚುಮೊಳೆ ಬಂದಾಗಿತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಸೆರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಮಂಗಳೂರಿನಿಂದ ಮೊದಲ ಕನ್ನಡ ಪತ್ರಿಕೆ ಹೊರಟಿತು. ನಮ್ಮ ಬೆಳಗಾವಿ, ವಿಜಯಪುರ ಭಾಗದ ಮಟ್ಟಿಗೆ ಅಚ್ಚಿನ ಕಥೆ ನಿಜಕ್ಕೂ ಮೈದುಂಬಿಕೊಳ್ಳುವುದು ವಕೀಲ ಫ.ಗು. ಹಳಕಟ್ಟಿಯವರಿಂದ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿಕೆ ಹಿಡಿದ ಅವರು ರಬಕವಿ ಮುಂತಾದ ಊರುಗಳಲ್ಲಿ ಮನೆಮನೆ, ಮಠಮಠ ತಿರುಗಿ ವಚನಗಳ ಓಲೆಕಟ್ಟುಗಳನ್ನು ಕೂಡಿಹಾಕಿದರು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಬಿಚ್ಚಿ ಓದಿದರು, ನಕಲು ಮಾಡಿದರು. ಅಚ್ಚಿಗೆಂದು ಮಂಗಳೂರಿಗೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ತಿರುಗಿ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು.

ಪ್ರತಿ ಸಲವೂ ಪರರ ಪ್ರೆಸ್ಸಿನ ಬಾಗಿಲಲ್ಲಿ ನಿಂತರೆ ಈ ಕೆಲಸ ಮುಗಿಯುವಂಥದ್ದಲ್ಲ ಎಂದು ಅವರಿಗೆ ತಿಳಿಯಿತು. ಇದ್ದ ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ತಾವು ಬಾಡಿಗೆ ಮನೆಯಲ್ಲಿ ಉಳಿದರು. ಮರುವರ್ಷ ‘ಶಿವಾನುಭವ’, ಅದರ ಮರುವರ್ಷ ‘ನವಕರ್ನಾಟಕ’ ಪತ್ರಿಕೆ. ಮೊಳೆ ಜೋಡಿಸುವ ಕಾಲದ ಕನ್ನಡ ಅಚ್ಚೆಂದರೆ ಕಣ್ಣಿಗೆ ದೊಡ್ಡ ಶಿಕ್ಷೆ. ಅಕ್ಷರಕ್ಕೊಂದು ಮೊಳೆ, ಒತ್ತಿಗೆ ಇನ್ನೊಂದು, ಎಲ್ಲವೂ ಕನ್ನಡಿಯೊಳಗಿನಂತೆ ತಿರುವುಮುರುವು. ಒಂದು ಪುಟ ಅಚ್ಚಾದ ಮೇಲೆ ಅವೇ ಮೊಳೆಗಳನ್ನು ಬಿಡಿಸಿ, ಪೆಟ್ಟಿಗೆಯಲ್ಲಿ ಅದರದರ ಖಾನೆಗೆ ಹಾಕಿ, ಮುಂದಿನ ಪುಟ ಕಟ್ಟಬೇಕು. ಬಸವಣ್ಣ, ಅಲ್ಲಮ, ಅಕ್ಕ ಇಂದು ನಮ್ಮ ಬಾಯಲ್ಲಿರುವುದರಲ್ಲಿ ಆ ಕಂಪೋಸಿಟರುಗಳ ಕೈಗೂ ಪಾಲಿದೆ.

ಹಳಕಟ್ಟಿಯವರು ಮನೆ ಮಾರಿದ ಕಾಲಕ್ಕೆ ಸ್ವಲ್ಪ ಮುಂದೆ, ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಮಾರಿದರು. 1938ರಲ್ಲಿ ಮೊದಲ ಕಾಮಿಕ್ ಮಾರುಕಟ್ಟೆಗೆ ಬಂತು, ಪ್ರಕಾಶಕರು ಕೋಟಿಗಟ್ಟಲೆ ಗಳಿಸಿದರು. ಸೃಷ್ಟಿಸಿದವರಿಗೆ ವರ್ಷಾಶನವೂ ಹೆಸರಿನ ಮನ್ನಣೆಯೂ ಸಿಗಲು 1975 ಬರಬೇಕಾಯಿತು. ಪ್ರಕಾಶನ ಹಣದ ಉದ್ಯಮವಾದಾಗ ಬರೆದವನೇ ಮೊದಲು ಮರೆಯಾಗುತ್ತಾನೆ, ಇದು ಅನ್ಯಾಯವೇ.

ಆ ಅಲೆ ನಮ್ಮವರೆಗೆ ಬಂದದ್ದು ಫ್ಯಾಂಟಮ್ ರೂಪದಲ್ಲಿ. ಲೀ ಫಾಕ್ 1936ರಲ್ಲೇ, ಸೂಪರ್‌ಮ್ಯಾನ್‌ಗಿಂತ ಮೊದಲೇ, ಈ ಮುಖವಾಡದ ವೀರನನ್ನು ಸೃಷ್ಟಿಸಿದ್ದ. ಭಾರತದಲ್ಲಿ 1964ರಿಂದ ಇಂದ್ರಜಾಲ ಕಾಮಿಕ್ಸ್ ಅವನ ಕಥೆಗಳನ್ನು ತಂದಿತು, ಕನ್ನಡದಲ್ಲಿ ‘ಸುಧಾ’ ವಾರಪತ್ರಿಕೆ ಅವನನ್ನು ಮನೆಮಾತಾಗಿಸಿತು. ವಾರದ ಪುಟ ಮೊದಲು ಯಾರ ಕೈಗೆ ಎಂಬುದಕ್ಕೆ ಅಣ್ಣತಮ್ಮಂದಿರಲ್ಲಿ ಜಗಳವಾಗದ ಮನೆ ಕಡಿಮೆ. ಇನ್ನೊಂದು ಸಂಗತಿ ಹೆಮ್ಮೆಯಿಂದ ಹೇಳಬೇಕು. ಅನಂತ ಪೈ ಸಂಪಾದಕತ್ವದ ಮಾಲೆಯೆಂದು ನಾವು ಬಲ್ಲ ಅಮರ ಚಿತ್ರಕಥೆಯ ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದ ಪಾಶ್ಚಾತ್ಯ ಮಕ್ಕಳ ಕಥೆಗಳು. ಇಂಗ್ಲಿಷಿನ ‘ಕೃಷ್ಣ’ ಹನ್ನೊಂದನೆಯದು.

ಇಂದ್ರಜಾಲ 1990ರಲ್ಲಿ ನಿಂತಿತು. ಲಕ್ಷಗಟ್ಟಲೆ ಅಚ್ಚಾದದ್ದೇ ರದ್ದಿಗೂ ಬೇಗ ಹೋಯಿತು. ಅಗ್ಗದ ಪ್ರತಿಯನ್ನು ಜಗುಲಿಯ ಮೇಲಿಟ್ಟು ಪೂಜಿಸುವವರಿಲ್ಲ. ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರ ಅವರ ಸಾಹಿತ್ಯವನ್ನು ಸಂಪುಟಗಳಾಗಿ ತಂದಿದೆ, ಆದಿಲ್‌ಶಾಹಿ ಗ್ರಂಥಗಳನ್ನು ಕನ್ನಡಕ್ಕೆ ಅನುವಾದಿಸಿ ಪ್ರಕಟಿಸಿದೆ. ಅಂಥದೇ ಕಾಳಜಿ ಚಿತ್ರಕಥೆಗಳಿಗೂ ಸಲ್ಲಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಕನ್ನಡ ಚಿತ್ರಕಥೆಗಳ ಕಟ್ಟು ಇದ್ದರೆ ತೂಕಕ್ಕೆ ಹಾಕಬೇಡಿ. ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ಹತ್ತಿರದ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಡಿ.